ಬಸ್ ಹತ್ತಿಸಬಹುದಾದ ಬೇಸ್ ಆಂಪ್

ಚಿಕ್ಕಮಗಳೂರಿನಲ್ಲಿದ್ದುಕೊಂಡು ಬೇಸ್ ಗಿಟಾರ್ ನುಡಿಸುವವನಿಗೆ ಶ್ರುತಿ, ತಾಳಗಳಿಗಿಂತ ಮೊದಲು ಎದುರಾಗುವುದು ಸಾಗಣೆಯ ಚಿಂತೆ. ನಮ್ಮ ತಂಡದಲ್ಲಿ ಹಾಡುವವರು ಕೈಬೀಸಿಕೊಂಡು ಬರುತ್ತಾರೆ. ಕೀಬೋರ್ಡಿನವರಿಗೆ ಒಂದು ಚೀಲ, ಒಂದು ಸ್ಟ್ಯಾಂಡ್. ರಿದಮ್ ಪ್ಯಾಡಿನವರದೂ ಹೆಚ್ಚುಕಡಿಮೆ ಅಷ್ಟೇ ಸಾಮಾನು. ನಾನು ಮಾತ್ರ ಏಳೆಂಟು ವರ್ಷ ಕಾಲ, 15 ಇಂಚಿನ ಸ್ಪೀಕರ್ ಇದ್ದ, 34 ಕಿಲೋ ತೂಗುತ್ತಿದ್ದ ಹಳೆಯ ಕಾಂಬೊ (ಆಂಪ್ಲಿಫೈಯರ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಆಂಪ್) ಒಂದನ್ನು ಹೊತ್ತು ತಿರುಗಿದೆ. ಹಾಸನದಲ್ಲಿ ಆರತಕ್ಷತೆಯೊಂದನ್ನು ಮುಗಿಸಿ ರಾತ್ರಿ ಬಸ್ಸಿಗೆ ಅದನ್ನು ಹತ್ತಿಸುವಾಗ ಕಂಡಕ್ಟರ್, "ಇದೇನ್ ಸಾರ್, ಫ್ರಿಜ್ಜಾ? ಲಗೇಜ್ ಟಿಕೆಟ್ ತಗೋಬೇಕಾಗುತ್ತೆ" ಎಂದರು. ತೆಗೆದುಕೊಂಡೆ. ಬೇಲೂರು ದಾಟಿ ಊರು ಸೇರುವವರೆಗೆ, ಪ್ರತಿ ತಿರುವಿನಲ್ಲೂ ಅದು ಜಾರದಂತೆ ಮೊಣಕಾಲಿನಿಂದ ಒತ್ತಿಹಿಡಿದು ಕುಳಿತಿದ್ದೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಸೊಂಟ ಒಪ್ಪಲಿಲ್ಲ.

ಆ ವಾರವೇ ಒಂದು ನಿಯಮ ಮಾಡಿಕೊಂಡೆ. ಬಸ್ ನಿಲ್ದಾಣದಿಂದ ವೇದಿಕೆಯವರೆಗೆ ನನ್ನ ಸಾಮಾನೆಲ್ಲವೂ ಒಂದೇ ಸಲಕ್ಕೆ, ಬೇರೆಯವರ ಕೈ ಬೇಡದೆ ಹೋಗಬೇಕು. ಗಿಟಾರ್ ಬೆನ್ನಿಗೆ, ಒಂದು ಕೈಗೆ ಕ್ಯಾಬಿನೆಟ್ ಎಂಬ ಸ್ಪೀಕರ್ ಪೆಟ್ಟಿಗೆ, ಇನ್ನೊಂದು ಕೈಗೆ ಕೊಡೆ. ಈ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆಯನ್ನು ಲೆಕ್ಕದಿಂದ ಬಿಡುವಂತಿಲ್ಲ.

ಬೇಸ್ ಆಂಪ್ ಎಂದರೆ ಭಾರವಾಗಿಯೇ ಇರಬೇಕು ಎಂಬ ನಂಬಿಕೆಗೆ ಒಂದು ಇತಿಹಾಸವಿದೆ. 1969ರಲ್ಲಿ ಬಂದ ಆಂಪೆಗ್ ಕಂಪನಿಯ ಎಸ್‌ವಿಟಿ 300 ವಾಟ್‌ಗಳ ವಾಲ್ವ್ (ಗಾಜಿನ ಕೊಳವೆ) ಆಂಪ್. ಅದರ ಹೆಡ್, ಅಂದರೆ ಸ್ಪೀಕರ್ ಇಲ್ಲದ ಆಂಪ್ ಭಾಗ, ಒಂದೇ 35 ಕಿಲೋಗಿಂತ ಹೆಚ್ಚು ತೂಗುತ್ತಿತ್ತು, ಅದಕ್ಕೆ ಜೋಡಿಯಾದ, ಹತ್ತು ಇಂಚಿನ ಎಂಟು ಸ್ಪೀಕರ್‌ಗಳ ಕ್ಯಾಬಿನೆಟ್ ಒಬ್ಬ ಆಳಿಗಿಂತ ಕಡಿಮೆ ತೂಕದ್ದೇನಲ್ಲ. ಸಾವಿರಾರು ಜನರ ಮೈದಾನದಲ್ಲಿ, ಇಂದಿನಂತಹ ಧ್ವನಿವರ್ಧಕಗಳ ಆಸರೆಯಿಲ್ಲದ ಕಾಲದಲ್ಲಿ, ಬೇಸ್ ಕೇಳಿಸಲು ಬೇರೆ ದಾರಿ ಇರಲಿಲ್ಲ. ನಮ್ಮ ಗಣೇಶೋತ್ಸವದ ರಸಮಂಜರಿಯ ಸ್ಥಿತಿ ಹಾಗಿಲ್ಲ. ಸೌಂಡ್‌ನವರು ವೇದಿಕೆಯ ಎರಡೂ ಬದಿಗೆ ಕೆಳಸ್ವರಕ್ಕೆಂದೇ ಇರುವ 18 ಇಂಚಿನ ಸಬ್‌ಗಳನ್ನು ಜೋಡಿಸಿಟ್ಟಿರುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಿಯ ಎದೆಗೆ ಬಡಿಯುವುದು ಆ ಸಬ್‌ಗಳ ಸದ್ದು, ನನ್ನ ಪೆಟ್ಟಿಗೆಯದಲ್ಲ. ನನ್ನ ಆಂಪ್ ನನಗೆ ಮತ್ತು ಪಕ್ಕದಲ್ಲಿರುವ ರಿದಮ್‌ನವರಿಗೆ ಕೇಳಿದರೆ ಸಾಕು. ಇಷ್ಟು ಸರಳವಾದ ವಿಷಯವನ್ನು ಒಪ್ಪಿಕೊಳ್ಳಲು ನನಗೆ ಹಲವು ವರ್ಷ ಹಿಡಿಯಿತು, ಏಕೆಂದರೆ ದೊಡ್ಡ ಪೆಟ್ಟಿಗೆಯ ಮುಂದೆ ನಿಲ್ಲುವುದರಲ್ಲಿ ಒಂದು ಗತ್ತು ಇದೆ, ಅದು ಸುಳ್ಳಲ್ಲ.

ತೂಕ ಇಳಿದದ್ದು ಎರಡು ಕಡೆಯಿಂದ. ಹಳೆಯ ಆಂಪ್‌ಗಳ ಒಳಗೆ 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತ) ವಿದ್ಯುತ್ತಿಗೆ ತಕ್ಕ, ಕಬ್ಬಿಣದ ಹಾಳೆಗಳನ್ನು ಪೇರಿಸಿ ಮಾಡಿದ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಈಗಿನ ಹೆಡ್‌ಗಳಲ್ಲಿ ಕಂಪ್ಯೂಟರಿನಲ್ಲಿರುವ ಜಾತಿಯ ಸ್ವಿಚಿಂಗ್ ಪವರ್ ಸಪ್ಲೈ ಇದೆ. ಅದು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕೊಡುವುದರಿಂದ ಅಂಗೈಯಲ್ಲಿ ಅಡಗುವ ಟ್ರಾನ್ಸ್‌ಫಾರ್ಮರ್ ಸಾಲುತ್ತದೆ. ಜೊತೆಗೆ ಕ್ಲಾಸ್ ಡಿ ಎಂಬ ವಿಧಾನದಲ್ಲಿ ಒಳಬಂದ ವಿದ್ಯುತ್ತಿನ ಬಹುಪಾಲು ಸ್ಪೀಕರಿಗೇ ಹೋಗುತ್ತದೆ, ಶಾಖವಾಗಿ ಸೋರುವುದು ಅಲ್ಪ. ಹಾಗಾಗಿ ಶಾಖ ಕಳೆಯುವ ಅಲ್ಯೂಮಿನಿಯಂ ತುಂಡೂ ಚಿಕ್ಕದಾಯಿತು. ಟ್ರೇಸ್ ಎಲಿಯಟ್ ಕಂಪನಿಯ ಎಲ್ಫ್ ಎಂಬ ಹೆಡ್ 200 ವಾಟ್ ಕೊಡುತ್ತದೆ, ತೂಕ ಸುಮಾರು ಮುಕ್ಕಾಲು ಕಿಲೋ. ನನ್ನದೂ ಅದೇ ಗಾತ್ರದ್ದು, ಗಿಟಾರ್ ಚೀಲದ ಮುಂದಿನ ಜೇಬಿನಲ್ಲಿ ಊಟದ ಡಬ್ಬಿಯಂತೆ ಕೂರುತ್ತದೆ. ಇನ್ನೊಂದು ಕಡೆ, ಸ್ಪೀಕರಿನ ಹಿಂಬದಿಯ ಭಾರವಾದ ಫೆರೈಟ್ ಅಯಸ್ಕಾಂತದ ಜಾಗಕ್ಕೆ 1980ರ ದಶಕದಲ್ಲಿ ಕಂಡುಹಿಡಿದ ನಿಯೋಡೀಮಿಯಮ್ ಅಯಸ್ಕಾಂತ ಬಂತು. ಅದೇ ಬಲಕ್ಕೆ ಅದರ ತುಂಡು ತೀರಾ ಚಿಕ್ಕದು. ತೆಳು ಪ್ಲೈವುಡ್ಡಿನ ಪೆಟ್ಟಿಗೆಯಲ್ಲಿ 12 ಇಂಚಿನ ಇಂತಹ ಒಂದು ಸ್ಪೀಕರ್ ಇಟ್ಟರೆ ಹತ್ತು, ಹನ್ನೊಂದು ಕಿಲೋದಲ್ಲಿ ಕೆಲಸ ಮುಗಿಯುತ್ತದೆ.

ಆದರೆ ಇಳಿಯದೆ ಉಳಿದದ್ದು ಭೌತಶಾಸ್ತ್ರ. ಸ್ಪೀಕರ್ ತಯಾರಿಸುವವರು ಹಾಫ್‌ಮನ್ನರ ಕಬ್ಬಿಣದ ನಿಯಮ ಎಂದು ಕರೆಯುವ ಒಂದು ಮಾತಿದೆ: ಪೆಟ್ಟಿಗೆ ಚಿಕ್ಕದಿರಬೇಕು, ಕೆಳಸ್ಥಾಯಿ ಆಳವಾಗಿ ಕೇಳಬೇಕು, ಕಡಿಮೆ ವಾಟಿನಲ್ಲೇ ಜೋರಾಗಿ ಕೇಳಬೇಕು, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಟ್ಟುಕೊಡಬೇಕು. ಇದನ್ನು ನಾನು ಓದಿ ಕಲಿಯಲಿಲ್ಲ, ಒಂದು ಸ್ಪೀಕರನ್ನು ಸುಟ್ಟು ಕಲಿತೆ.

ಹೊಸ ಹೆಡ್ ಬಂದ ಹೊಸತರಲ್ಲಿ ಅದಕ್ಕೆ 10 ಇಂಚಿನ ಒಂದೇ ಸ್ಪೀಕರಿನ ಪುಟ್ಟ ಪೆಟ್ಟಿಗೆ ಕೊಂಡಿದ್ದೆ. ಆಲ್ದೂರಿನ ಕಡೆಯ ತೋಟವೊಂದರ ಹೋಂಸ್ಟೇಯಲ್ಲಿ ಕಾರ್ಯಕ್ರಮ. ಸುಮಾರು ಅರವತ್ತು ಜನ, ಹಾಡುವವರಿಗೆ ಎರಡು ಚಿಕ್ಕ ಸ್ಪೀಕರ್ ಬಿಟ್ಟರೆ ಬೇರೆ ಸೌಂಡ್ ಇಲ್ಲ. ಕಾಫಿ ಒಣಗಿಸುವ ಕಣದ ಪಕ್ಕದ ತಗಡಿನ ಮಾಡಿನ ಕೆಳಗೆ ವೇದಿಕೆ. ಎರಡನೇ ಹಾಡಿಗೆ ಮಳೆ ಹಿಡಿಯಿತು. ತಗಡಿನ ಮೇಲೆ ಮಲೆನಾಡಿನ ಮಳೆ ಬೀಳುವಾಗ ಪಕ್ಕದವರ ಮಾತೂ ಕೇಳುವುದಿಲ್ಲ. ಬೇಸ್ ಕರಗಿಹೋಯಿತು ಎನ್ನಿಸಿ ಕೆಳಸ್ವರ ಹೆಚ್ಚಿಸುವ ಬಾಸ್ ನಾಬನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ. ಕೆಳಗಿನ ಇ ಸ್ವರ ಮೀಟಿದಾಗಲೆಲ್ಲ ಮೊದಲು ಫಟ್ ಫಟ್ ಎಂಬ ಸದ್ದು, ಆಮೇಲೆ ಹರಿದ ಗಾಳಿಪಟದಂತೆ ಪರಪರ, ನಾಲ್ಕನೇ ಹಾಡಿನ ಹೊತ್ತಿಗೆ ಬರೀ ಮೌನ. ಉಳಿದ ಕಾರ್ಯಕ್ರಮವನ್ನು ಕೀಬೋರ್ಡಿನವರು ಎಡಗೈಯಲ್ಲಿ ಬೇಸ್ ನುಡಿಸಿ ದಡ ಮುಟ್ಟಿಸಿದರು. ಮನೆಗೆ ಬಂದು ಜಾಲರಿ ಬಿಚ್ಚಿ, ನಾಲ್ಕು ಬೆರಳನ್ನು ಸ್ಪೀಕರಿನ ಕೋನಿನ (ಕಂಪಿಸುವ ಬಟ್ಟಲಿನಂತಹ ಭಾಗ) ಸುತ್ತ ಸಮನಾಗಿ ಊರಿ ಮೆಲ್ಲನೆ ಒತ್ತಿದರೆ ಒಳಗೆ ಕರಕರ ಎನ್ನುತ್ತಿತ್ತು. ಕೋನಿನ ಹಿಂದಿನ ತಂತಿಯ ಸುರುಳಿ ಕಿತ್ತುಕೊಂಡು ಬದಿಗೆ ಉಜ್ಜುತ್ತಿತ್ತು.

ತಪ್ಪು ಪೆಟ್ಟಿಗೆಯದಲ್ಲ, ನನ್ನದು. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಒಂದು ಸ್ಪೀಕರ್ ಅಷ್ಟೇ ಜೋರನ್ನು ಒಂದು ಸ್ಥಾಯಿ ಕೆಳಗೆ ಕೊಡಬೇಕಾದರೆ ಅದರ ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಹಿಂದಕ್ಕೂ ಮುಂದಕ್ಕೂ ಓಡಾಡಬೇಕು. 82 ಹರ್ಟ್ಸ್‌ನಲ್ಲಿ ಆರಾಮವಾಗಿ ಉಸಿರಾಡುವ 10 ಇಂಚಿನ ಕೋನ್ 41ರಲ್ಲಿ ತನ್ನ ಮಿತಿ ಮೀರುತ್ತದೆ. ಅದರ ಮೇಲೆ ನಾನು ನಾಬ್ ತಿರುಗಿಸಿ ಆ ಭಾಗವನ್ನೇ ಹೆಚ್ಚಿಸಿದೆ; 6 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ನಾಲ್ಕು ಪಟ್ಟು ವಾಟ್ ಹರಿಯುತ್ತದೆ. ಪೆಟ್ಟಿಗೆಗೆ ಗಾಳಿ ಹೋಗುವ ಕಿಂಡಿ ಇದ್ದರೆ ಇನ್ನೂ ಕಷ್ಟ, ಏಕೆಂದರೆ ಕಿಂಡಿಯನ್ನು ಯಾವ ಸ್ವರಕ್ಕೆ ಹೊಂದಿಸಿರುತ್ತಾರೋ ಅದಕ್ಕಿಂತ ಕೆಳಗೆ ಕೋನನ್ನು ಹಿಡಿದಿಡುವ ಗಾಳಿಯ ಒತ್ತಡವೇ ಇರುವುದಿಲ್ಲ.

ಇದಕ್ಕೆ ಮದ್ದು ಹೈಪಾಸ್ ಫಿಲ್ಟರ್. ಹೆಸರೇ ಹೇಳುವಂತೆ ಅದು ಒಂದು ಗೆರೆಗಿಂತ ಮೇಲಿನದನ್ನು ಬಿಟ್ಟು ಕೆಳಗಿನದನ್ನು ತಡೆಯುತ್ತದೆ. ಕೆಲವು ಹೆಡ್‌ಗಳಲ್ಲಿ ಒಳಗೇ ಇರುತ್ತದೆ, ನನ್ನದರಲ್ಲಿ ಇಲ್ಲದ ಕಾರಣ ಪೆಡಲ್ ರೂಪದಲ್ಲಿ ಒಂದನ್ನು ಬೇರೆಯಾಗಿ ಕೊಂಡೆ. ಚಿಕ್ಕ ಕ್ಯಾಬಿನೆಟ್ ಇದ್ದಾಗ ಅದನ್ನು 50 ಹರ್ಟ್ಸ್‌ನ ಆಸುಪಾಸಿನಲ್ಲಿ ಇಡುತ್ತೇನೆ. ಕೆಳಗಿನದನ್ನೇ ಕತ್ತರಿಸಿದರೆ ಬೇಸ್ ಹೇಗೆ ಕೇಳುತ್ತದೆ ಎಂದು ಕೇಳುವವರಿದ್ದಾರೆ. ಬೇಸ್ ತಂತಿಯ ಸ್ವರದಲ್ಲಿ ಮೂಲ ಕಂಪನಕ್ಕಿಂತ ಅದರ ಎರಡರಷ್ಟು, ಮೂರರಷ್ಟು ಕಂಪನಗಳೇ ಎಷ್ಟೋ ಸಲ ಬಲವಾಗಿರುತ್ತವೆ. 82 ಮತ್ತು 123 ಹರ್ಟ್ಸ್ ಸರಿಯಾಗಿ ಕೇಳಿದರೆ 41ನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಫಿಲ್ಟರ್ ಹಾಕಿದ ಮೇಲೆ ಅದೇ ಗಾತ್ರದ ಪೆಟ್ಟಿಗೆ ಮೊದಲಿಗಿಂತ ಜೋರಾಗಿಯೂ ಸ್ಪಷ್ಟವಾಗಿಯೂ ನುಡಿಯಿತು. ಹಗುರ ಆಂಪ್ ಕೊಳ್ಳಲು ಹಣ ಹೊಂದಿಸುತ್ತಿರುವವರು ಇನ್ನೂ 300 ವಾಟ್ ಹೆಚ್ಚಿರುವ ಹೆಡ್‌ಗೆ ಆಸೆಪಡುವುದಕ್ಕಿಂತ ಆ ಹಣವನ್ನು ಇದಕ್ಕೂ ಒಳ್ಳೆಯ ಕ್ಯಾಬಿನೆಟ್‌ಗೂ ಹಾಕುವುದು ಮೇಲು. 200 ವಾಟಿನಿಂದ 500ಕ್ಕೆ ಹೋದರೆ ಸಿಗುವುದು ಬರೀ 4 ಡೆಸಿಬೆಲ್. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಲು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು.

ಈಗಿರುವ ಕ್ಯಾಬಿನೆಟ್ 12 ಇಂಚಿನದು, 8 ಓಮ್‌ನದು (ಓಮ್ ಎಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ). ಹೆಡ್ ತನ್ನ 200 ವಾಟನ್ನು ಕೊಡುವುದು 4 ಓಮ್‌ಗೆ, 8 ಓಮ್‌ಗೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟು ಸಾಕಾಗಿದೆ. ವೇದಿಕೆಯಲ್ಲಿ ಅದನ್ನು ಎಲ್ಲಿ, ಹೇಗೆ ಇಡುತ್ತೇವೆ ಎಂಬುದು ವಾಟಿಗಿಂತ ಹೆಚ್ಚು ವ್ಯತ್ಯಾಸ ಮಾಡುತ್ತದೆ. ಕೆಳಸ್ವರದ ಅಲೆ ಎಂಟು ಮೀಟರ್ ಉದ್ದ, ಅದು ಬಿಚ್ಚಿಕೊಳ್ಳಲು ಅಷ್ಟು ದೂರ ನಿಲ್ಲಬೇಕು ಎಂದು ಹಿರಿಯ ವಾದಕರು ಹೇಳುವುದನ್ನು ಕೇಳಿದ್ದೇನೆ. ಹಾಗಿದ್ದರೆ ಹೆಡ್‌ಫೋನಿನಲ್ಲಿ ಬೇಸ್ ಕೇಳಲೇಬಾರದಿತ್ತು. ನಿಜವಾದ ತೊಂದರೆ ಎಂದರೆ ಪೆಟ್ಟಿಗೆ ನಮ್ಮ ಮೀನಖಂಡಕ್ಕೆ ನುಡಿಯುತ್ತಿರುತ್ತದೆ, ಕಿವಿ ಇರುವುದು ಮೇಲೆ; ಸ್ವರವನ್ನು ಗುರುತಿಸಲು ಬೇಕಾದ ಮೇಲಿನ ಕಂಪನಗಳು ನೇರ ಮುಂದಕ್ಕೆ ಹೋಗಿಬಿಡುತ್ತವೆ, ನಾವು ಕೇಳುತ್ತಿಲ್ಲವೆಂದು ಜೋರು ಮಾಡುತ್ತೇವೆ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅದಕ್ಕಾಗಿ ತೋಟದಿಂದ ತಂದ ಸಿಲ್ವರ್ ಓಕ್ ಮರದ ಒಂದು ಬೆಣೆ ನನ್ನ ಚೀಲದಲ್ಲಿದೆ. ಪೆಟ್ಟಿಗೆಯ ಮುಂಭಾಗದ ಅಡಿಗೆ ಅದನ್ನು ತುರುಕಿದರೆ ಅದು ಹಿಂದಕ್ಕೆ ವಾಲಿ ಮುಖ ಮೇಲೆತ್ತಿ ನನ್ನನ್ನೇ ನೋಡುತ್ತದೆ. ಕುರ್ಚಿಯ ಮೇಲಿಡುವುದು ಇನ್ನೊಂದು ದಾರಿ, ಆದರೆ ಆಗ ನೆಲದಿಂದ ಸಿಗುವ ಕೆಳಸ್ವರದ ಬೆಂಬಲ ಕಡಿಮೆಯಾಗುತ್ತದೆ. ಹಲಗೆಯ ವೇದಿಕೆ ತಾನೇ ಗುಮ್ಮೆಂದು ಮೊಳಗುತ್ತಿದ್ದರೆ ಮಾತ್ರ ಕುರ್ಚಿ ಒಳ್ಳೆಯದು.

ದೊಡ್ಡ ಸೌಂಡ್ ಇರುವ ಕಡೆ ಹೆಡ್‌ನ ಹಿಂಬದಿಯ, ಮಿಕ್ಸರ್‌ಗೆ ನೇರವಾಗಿ ಸದ್ದು ಕಳಿಸುವ ಡಿ.ಐ. ಕಿಂಡಿಯಿಂದ ಒಂದು ಎಕ್ಸ್‌ಎಲ್‌ಆರ್ ಕೇಬಲ್ ಮಿಕ್ಸರ್‌ಗೆ ಹೋಗುತ್ತದೆ. ಅಲ್ಲಿರುವ ಪ್ರೀ, ಪೋಸ್ಟ್ ಸ್ವಿಚ್ಚನ್ನು ಪ್ರೀ ಕಡೆಗಿಟ್ಟರೆ ನಾನು ವೇದಿಕೆಯಲ್ಲಿ ನನ್ನ ಕಿವಿಗೆಂದು ಟೋನ್ ನಾಬ್‌ಗಳನ್ನು ತಿರುಗಿಸಿದರೂ ಸಭೆಗೆ ಹೋಗುವ ಸದ್ದು ಬದಲಾಗುವುದಿಲ್ಲ. ಸೌಂಡ್‌ನವರೊಡನೆ ಜಗಳ ತಪ್ಪಿಸುವ ಸ್ವಿಚ್ ಎಂದೇ ಅದನ್ನು ಕರೆಯುತ್ತೇನೆ. ಪಕ್ಕದ, ಮಿಕ್ಸರ್ ಕೇಬಲ್ಲಿನ ಅರ್ಥ್ ಸಂಪರ್ಕವನ್ನಷ್ಟೇ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ಚಿನ ಬೆಲೆ ಗೊತ್ತಾಗುವುದು ಗುಂಯ್ ಎಂಬ ಸದ್ದು ಶುರುವಾದಾಗ. ನಮ್ಮ ಕರೆಂಟು 50 ಹರ್ಟ್ಸ್, ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49. ಎರಡೂ ಅಕ್ಕಪಕ್ಕದಲ್ಲಿ ಕೂತಾಗ ನನ್ನ ಶ್ರುತಿಯೇ ಕೆಟ್ಟಿದೆಯೆಂದು ಗಾಯಕರು ತಿರುಗಿ ನೋಡುತ್ತಾರೆ. ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಕೀಳುವವರನ್ನು ಪೆಂಡಾಲ್‌ಗಳಲ್ಲಿ ನೋಡಿದ್ದೇನೆ. ಒದ್ದೆ ನೆಲದ ಮೇಲೆ, ಕೈಯಲ್ಲಿ ಲೋಹದ ತಂತಿ ಹಿಡಿದು ನಿಂತವನ ಪಾಲಿಗೆ ಅದು ಪ್ರಾಣದ ಪ್ರಶ್ನೆ, ಸ್ವಿಚ್ ಇರುವಾಗ ಅದರ ಅಗತ್ಯವೂ ಇಲ್ಲ.

ಜನರೇಟರ್ ವಿಷಯದಲ್ಲಿ ಒಂದೇ ಮಾತು. ಮಂಟಪದ ಸೀರಿಯಲ್ ಸೆಟ್ಟುಗಳನ್ನು ಒಮ್ಮೆಗೇ ಆರಿಸಿದಾಗ ವೋಲ್ಟೇಜ್ ಜಿಗಿಯುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ವೋಲ್ಟ್‌ಮೀಟರ್ ಒಂದನ್ನು ಚೀಲದಲ್ಲಿಟ್ಟಿದ್ದೇನೆ. ಅದು 250 ದಾಟಿ ಓಲಾಡುತ್ತಿದ್ದರೆ ಹೆಡ್ ಚೀಲದಿಂದ ಹೊರಗೇ ಬರುವುದಿಲ್ಲ, ಗಿಟಾರಿನಿಂದ ಬ್ಯಾಟರಿಯ ಡಿ.ಐ. ಬಾಕ್ಸ್ ಮೂಲಕ ನೇರ ಮಿಕ್ಸರ್‌ಗೆ ಹೋಗುತ್ತೇನೆ. ಮಳೆಗಾಲದಲ್ಲಿ ಹೆಡ್ಡನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡುತ್ತೇನೆ. ಇಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ನಾಬ್‌ಗಳು ಕರಕರ ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ಕಳೆದ ತಿಂಗಳು ಮೂಡಿಗೆರೆಯಲ್ಲಿ ಮೊದಲ ಮಹಡಿಯ ಕಲ್ಯಾಣ ಮಂಟಪಕ್ಕೆ ಹೋದಾಗ ಮನೆಯ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಿಕೊಂಡೇ ಹೊರಟಿದ್ದೆ: ಕ್ಯಾಬಿನೆಟ್ 11 ಕಿಲೋ, ಗಿಟಾರ್ 4, ಹೆಡ್, ಪೆಡಲ್, ಕೇಬಲ್‌ಗಳು, ಬೆಣೆ ಎಲ್ಲ ಸೇರಿ 3. ಹಳೆಯ ಕಾಂಬೊ ಒಂದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಷ್ಟೇ. ಸಾಲು ಕುರ್ಚಿ ಜೋಡಿಸುತ್ತಿದ್ದ ಹುಡುಗ, "ಅಣ್ಣಾ, ಉಳಿದ ಸಾಮಾನು ಕೆಳಗಿದ್ಯಾ, ತರ್ಲಾ?" ಎಂದು ಕೇಳಿದ.

ಒಂದು ಕೊರತೆ ಮಾತ್ರ ಉಳಿದಿದೆ. ತೋಟದ ಬಯಲಿನಲ್ಲಿ, ಸೌಂಡ್ ಇಲ್ಲದ ಕಡೆ, ನೂರು ಜನರಿಗಿಂತ ಹೆಚ್ಚಿದ್ದರೆ ಒಂದು ಪೆಟ್ಟಿಗೆ ಸಾಲುವುದಿಲ್ಲ. ಇದೇ ಜಾತಿಯ ಇನ್ನೊಂದು 8 ಓಮ್‌ನ ಪೆಟ್ಟಿಗೆಯನ್ನು ಜೋಡಿಸಿದರೆ ಎರಡೂ ಸೇರಿ 4 ಓಮ್ ಆಗಿ ಹೆಡ್‌ನ ಪೂರ್ಣ ಶಕ್ತಿ ಸಿಗುತ್ತದೆ, ಸ್ಪೀಕರ್ ಹರವೂ ಎರಡರಷ್ಟಾಗುತ್ತದೆ. ಬಾಸ್ ನಾಬ್ ಮುಟ್ಟದೆಯೇ 5, 6 ಡೆಸಿಬೆಲ್ ಹೆಚ್ಚು ಬರುತ್ತದೆ. ಅಂಗಡಿಯವರು ಎರಡು ಸಲ ಫೋನ್ ಮಾಡಿ, ಪೆಟ್ಟಿಗೆ ಬಂದಿದೆ, ತೆಗೆದಿಡಲೇ ಎಂದು ಕೇಳಿದ್ದಾರೆ. ಕೊಡೆ ಹಿಡಿಯುವ ಕೈ ಖಾಲಿ ಇಲ್ಲದ ಕಾರಣ ಇನ್ನೂ ಉತ್ತರ ಕೊಟ್ಟಿಲ್ಲ.