ಎರಿ ಹೊಲ ದಾಟಿ ಮಡ್ಡಿ ತೋಟಕ್ಕೆ

ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ 34 ವರ್ಷ ಲೆಕ್ಕಪತ್ರ ನೋಡಿದವನು ನಾನು. ನಿವೃತ್ತಿಯಾದ ಮೇಲೆ ವೈನ್ ಬಗ್ಗೆ ಕಲಿಯುತ್ತೇನೆ ಎಂದಾಗ ಮನೆಯಲ್ಲಿ ಮೂರು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ನಮ್ಮ ಮನೆತನದಲ್ಲಿ ಬಾಟಲಿ ಎಂದರೆ ಶೆರೆ, ಅಷ್ಟೇ. ನನಗೆ ಅಮಲು ಬೇಕಿರಲಿಲ್ಲ. ಬರೀ ದ್ರಾಕ್ಷಿ ರಸಕ್ಕೆ ಇಷ್ಟೊಂದು ಪರಿಮಳ ಎಲ್ಲಿಂದ ಬರುತ್ತದೆ ಎಂಬುದು ಬೇಕಿತ್ತು. ಎರಡು ವರ್ಷದಿಂದ ವಾರಕ್ಕೊಮ್ಮೆ ಸಣ್ಣ ಗ್ಲಾಸು, ಪಕ್ಕದಲ್ಲೊಂದು ನೋಟ್‌ಬುಕ್ಕು.

ಈ ಫೆಬ್ರವರಿಯಲ್ಲಿ ಬಳ್ಳಿಯನ್ನೇ ನೋಡುವ ಆಸೆಯಾಯಿತು. ಹಳೆಯ ಸಹೋದ್ಯೋಗಿಯ ತಮ್ಮ ತಿಕೋಟಾ ಕಡೆ ವೈನ್ ದ್ರಾಕ್ಷಿ ಬೆಳೆಯುತ್ತಾರೆ. "ನಾನೂ ಬರ್ತೀನ್ರಿ, ಅದೇನೈತಿ ನೋಡೋಣು" ಎಂದಳು ನಮ್ಮಾಕಿ.

ವಿಜಯಪುರದ ಬಸ್ಸು ನವಲಗುಂದ ಮುಟ್ಟುವಷ್ಟರಲ್ಲಿ ಎರಡೂ ಬದಿಗೆ ಕರಿ ಮಣ್ಣಿನ ಎರಿ ಹೊಲ. ಕಡಲೆ ಕಿತ್ತ ಕಡೆ ಕೈ ಇಳಿಯುವಷ್ಟು ಬಿರುಕು, ಉಳಿದಲ್ಲಿ ಬಿಳಿಜೋಳದ ತೆನೆ. ಹಿಂಗಾರಿ ಬೆಳೆಯನ್ನು ಬರೀ ಹಸಿಯ ಮೇಲೆ ಸಾಕುವ ಮಣ್ಣು ಇದು. ಇಂಥ ನೆಲದಲ್ಲಿ ದ್ರಾಕ್ಷಿ ಇನ್ನೂ ಚೆನ್ನಾಗಿ ಬರಬೇಕಲ್ಲ ಎಂದುಕೊಂಡೆ. ನರಗುಂದದ ಗುಡ್ಡ ಹಿಂದೆ ಸರಿಯಿತು. ಕೊಲ್ಹಾರದಲ್ಲಿ ಕೃಷ್ಣೆಯನ್ನು ದಾಟಿದೆವು.

"ಎರಿ ಭೂಮಿ ಬ್ಯಾಡ್ರಿ ಅಣ್ಣಾರ" ಎಂದರು ತೋಟದವರು. "ಬೇರಿಗೆ ನೀರು ನಿಂತ್ರ ಬಳ್ಳಿ ಬರೇ ಎಲಿ ಬಿಡತೈತಿ. ನಮ್ಮದು ಮಡ್ಡಿ, ನೀರು ನಿಲ್ಲದ ಕಲ್ಲು ನೆಲ. ನೀರು ಹನಿ ಹನಿ ಕೊಡ್ತೀವಿ." ಒಂದು ಪಟ್ಟಿಯಲ್ಲಿ ಮಣೂಕಕ್ಕೆಂದು, ಅಂದರೆ ಒಣದ್ರಾಕ್ಷಿಗೆಂದು, ಥಾಮ್ಸನ್ ತಳಿ, ಬೀಜವಿಲ್ಲದ ಉದ್ದ ಹಸಿರು ಕಾಯಿ. ಅದರಾಚೆ ಕೆಂಪು ವೈನಿನ ತಳಿ ಶಿರಾಜ್: ಚಿಕ್ಕ ಕಾಯಿ, ದಪ್ಪ ಸಿಪ್ಪೆ, ಒಳಗೆ ಬೀಜ. ಬಾಯಿಗೆ ಹಾಕಿದರೆ ತಿನ್ನುವ ದ್ರಾಕ್ಷಿಗಿಂತ ಸಿಹಿ, ಸಿಪ್ಪೆ ಅಗಿದರೆ ನಾಲಿಗೆ ಒಗರು. ಹಿಂಡಿದರೆ ಅಂಗೈಯಲ್ಲಿ ಬಣ್ಣವೇ ಇಲ್ಲದಂಥ ರಸ. ಕೆಂಪೆಲ್ಲ ಸಿಪ್ಪೆಯದು, ಅದಕ್ಕೇ ಕೆಂಪು ವೈನನ್ನು ಸಿಪ್ಪೆ ಸಮೇತ ಹುದುಗಿಸುತ್ತಾರೆ. ಓದಿ ಗೊತ್ತಿದ್ದ ಸಂಗತಿ, ಆದರೂ ಆ ತಿಳಿರಸ ನೋಡುತ್ತ ಬಹಳ ಹೊತ್ತು ನಿಂತೆ.

ಸಕ್ಕರೆ ಅಳೆಯುವ ಕೊಳವೆಯ ಗಾಜಿನ ಮೇಲೆ ಒಂದು ಹನಿ ಬಿಟ್ಟು ಬಿಸಿಲಿಗೆ ಹಿಡಿದರು. 23 ಬ್ರಿಕ್ಸ್, ಎಂದರೆ ನೂರು ಗ್ರಾಂ ರಸದಲ್ಲಿ ಸುಮಾರು 23 ಗ್ರಾಂ ಸಕ್ಕರೆ. ಅದು ಹುದುಗಿದರೆ ವೈನಿನಲ್ಲಿ ಸುಮಾರು 13 ಪ್ರತಿಶತ ಆಲ್ಕೋಹಾಲ್. ಫ್ರಾನ್ಸಿನಲ್ಲಿ ಬಳ್ಳಿ ಚಳಿಗಾಲ ಪೂರ್ತಿ ಮಲಗುತ್ತದೆ, ಕೊಯ್ಲು ಸೆಪ್ಟೆಂಬರ್ ಸುತ್ತ. ನಮ್ಮಲ್ಲಿ ಬಳ್ಳಿಗೆ ಆ ನಿದ್ದೆಯಿಲ್ಲ. ಆದ್ದರಿಂದ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು: ಏಪ್ರಿಲ್‌ನಲ್ಲಿ ಹೊಸ ಕಡ್ಡಿಗೆ, ಅಕ್ಟೋಬರಿನಲ್ಲಿ ಹಣ್ಣಿಗೆ.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ. ಆಮೇಲೆ ತಮ್ಮ ದ್ರಾಕ್ಷಿ ಒಯ್ಯುವ ಕಾರ್ಖಾನೆಯಿಂದ ಬಂದ ಬಾಟಲಿಯೊಂದನ್ನು ತೆರೆದರು. ನಾನು ಎರಡು ಗುಟುಕು ಕುಡಿದೆ. ನೇರಳೆ ಹಣ್ಣಿನ ಗುರುತು ಸಿಕ್ಕಿತು, ಅದರ ಹಿಂದಿನ ಖಾರದಂಥದ್ದು ಎಂದಿನಂತೆ ಸಿಗಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಶಿರಾಜ್ ಎದುರು ಪ್ರತಿ ಸಲ ಖಾಲಿ ಬಿಟ್ಟ ಜಾಗ ಅದು.

ನಮ್ಮಾಕಿ ಗ್ಲಾಸು ತುಟಿಗೆ ತಾಗಿಸಲಿಲ್ಲ. ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, "ಒಳ್ಳಾಗ ಕರಿಮೆಣಸು ಕುಟ್ಟಿಧಂಗ ಐತಲ್ರಿ" ಎಂದಳು.

ಅದೇ! ಕರಿಮೆಣಸಿಗೆ ಆ ಘಾಟು ಕೊಡುವ ರೊಟಂಡೋನ್ ಎಂಬ ವಸ್ತುವೇ ಶಿರಾಜ್ ಸಿಪ್ಪೆಯಲ್ಲೂ ಇದೆ. ಎರಡು ವರ್ಷ ನನ್ನ ಮೂಗಿಗೆ ಸಿಗದ್ದು ಆಕೆಗೆ ಒಂದೇ ಉಸಿರಿಗೆ ಸಿಕ್ಕಿತ್ತು.

ಮರಳುವಾಗ ಕೊಲ್ಹಾರದಲ್ಲಿ ಗಡಿಗೆ ಮೊಸರು ಕೊಂಡೆವು. ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ಕೇಳಿದಳು: "ಅಕ್ಟೋಬರ್ ಚಾಟ್ನಿಗೆ ಬರ್ರಿ ಅಂದಾರಲ್ಲ, ಹೋಗೋಣೇನ್ರಿ?"