ನಾಲ್ಕು ಜುಲೈ ನಾಲ್ಕುಗಳು: ಹನ್ನೊಂದನೇ ವಾರದವರೆಗಿನ ಕೆಲಸ

ಅಮೆರಿಕದ ಅಂತರ್ಯುದ್ಧವನ್ನು ಒಂದು ಕದನದಿಂದ ಮುಂದಿನ ಕದನಕ್ಕೆ ಓದಿಕೊಂಡು ಹೋಗುವುದನ್ನು ಬಿಟ್ಟು, ಒಂದೇ ತಾರೀಖನ್ನು ಹಿಡಿದು ಎಲ್ಲ ವರ್ಷಗಳನ್ನೂ ಅಡ್ಡಡ್ಡ ಓದಬೇಕೆಂದು ಶುರು ಮಾಡಿದ ಕೆಲಸವಿದು. ಆರಿಸಿಕೊಂಡ ತಾರೀಖು ಜುಲೈ 4. ಯಾವ ದೇಶ ಎರಡಾಗಿ ಬಡಿದಾಡುತ್ತಿತ್ತೋ ಅದೇ ದೇಶ ಹುಟ್ಟಿದ ದಿನ. ಯುದ್ಧದ ನಡುವೆ ಅದು ನಾಲ್ಕು ಸಲ ಬಂತು, 1861ರಿಂದ 1864ರವರೆಗೆ.

ವರ್ಷಕ್ಕೊಂದು ಗ್ರಾಫ್ ಹಾಳೆಯ ಪಟ್ಟಿ. ಒಂದು ನಿಮಿಷಕ್ಕೆ ಒಂದು ಮಿಲಿಮೀಟರ್, ಅಂದರೆ ಇಡೀ ದಿನಕ್ಕೆ 144 ಸೆಂ.ಮೀ. ಎಡಕ್ಕೆ ಊರುಗಳು, ಮೇಲೆ ಗಂಟೆಗಳು. ಉತ್ತರದ ಒಕ್ಕೂಟದ ಸೇನೆಗೆ ನೀಲಿ, ದಕ್ಷಿಣದ ಕಾನ್ಫೆಡರೇಟ್ ಸೇನೆಗೆ ಕಂದು. ಮುಖ್ಯ ಆಧಾರ ಅಮೆರಿಕ ಸರ್ಕಾರ 1881ರಿಂದ 1901ರವರೆಗೆ ಅಚ್ಚು ಹಾಕಿಸಿದ ಯುದ್ಧದ ಅಧಿಕೃತ ದಾಖಲೆಗಳು. ಒಟ್ಟು 128 ಪುಸ್ತಕ. ರಾತ್ರಿ ಊಟ ಮುಗಿಸಿ ಒಂದೊಂದು ಗಂಟೆ ಕೂತರೂ ತಿಂಗಳುಗಳು ಬೇಕು.

1ರಿಂದ 3ನೇ ವಾರ

1861ರ ಪಟ್ಟಿ ಹೆಚ್ಚುಕಡಿಮೆ ಖಾಲಿ. ಹಾರ್ಪರ್ಸ್ ಫೆರಿಯಲ್ಲಿ ಒಂದು ಚಿಕ್ಕ ಚಕಮಕಿ. ವಾಷಿಂಗ್ಟನ್ನಿನಲ್ಲಿ ಅಂದೇ ಸೇರಿದ ಸಂಸತ್ತಿನ ವಿಶೇಷ ಅಧಿವೇಶನಕ್ಕೆ ಅಧ್ಯಕ್ಷ ಲಿಂಕನ್ 4 ಲಕ್ಷ ಸೈನಿಕರನ್ನೂ 40 ಕೋಟಿ ಡಾಲರನ್ನೂ ಕೇಳಿದರು. ಅದು ಕಾಳಗವಲ್ಲ, ಆದರೂ ಬರೆದಿಟ್ಟಿದ್ದೇನೆ. ಮುಂದಿನ ಪಟ್ಟಿಗಳು ತುಂಬಿದ್ದು ಆ ಬೇಡಿಕೆಯಿಂದ.

1862ರದು ಚಿಕ್ಕದಾದರೂ ಬಿಡಲಾಗದ್ದು. ಜೇಮ್ಸ್ ನದಿಯಲ್ಲಿ 'ಟೀಸರ್' ಎಂಬ ದಕ್ಷಿಣದ ಸಣ್ಣ ಹಡಗನ್ನು ಉತ್ತರದ 'ಮಾರಟಾಂಜಾ' ಹಿಡಿಯಿತು. ಒಳಗೆ ರೇಷ್ಮೆಯ ಬಲೂನು ಸಿಕ್ಕಿತು. ಶತ್ರುವಿನ ಚಲನವಲನವನ್ನು ಮೇಲಿನಿಂದ ನೋಡಲು ಇಟ್ಟುಕೊಂಡದ್ದು. ಅದೇ ದಿನ ಟೆನೆಸಿಯ ನಾಕ್ಸ್‌ವಿಲ್‌ನಿಂದ ದಕ್ಷಿಣದ ಜಾನ್ ಹಂಟ್ ಮಾರ್ಗನ್ ತನ್ನ ಕುದುರೆ ಸವಾರರೊಂದಿಗೆ ಕೆಂಟಕಿಯ ಮೇಲೆ ದಾಳಿಗೆ ಹೊರಟ. ಈ ಹೆಸರಿಗೆ ನಕ್ಷತ್ರದ ಗುರುತು ಹಾಕಿದೆ. ಮುಂದಿನ ವರ್ಷದ ಪಟ್ಟಿಯಲ್ಲೂ ಇವನಿದ್ದಾನೆ.

4 ಮತ್ತು 5ನೇ ವಾರ

1863ಕ್ಕೆ ಬಂದಾಗ ಗಡಿಯಾರದ ತೊಡಕು ಎದುರಾಯಿತು. ಆಗಿನ್ನೂ ಅಮೆರಿಕದಲ್ಲಿ ಏಕರೂಪದ ಕಾಲಮಾನವಿರಲಿಲ್ಲ. ರೈಲು ಕಂಪನಿಗಳು ಅದನ್ನು ತಂದದ್ದು 1883ರ ನವೆಂಬರಿನಲ್ಲಿ. ಅಲ್ಲಿಯವರೆಗೆ ಊರೂರಿಗೆ ಸೂರ್ಯನೇ ಲೆಕ್ಕ. ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್‌ನಲ್ಲಿ ಮಧ್ಯಾಹ್ನ 12 ಆದಾಗ ಮಿಸಿಸಿಪಿ ನದಿಯ ದಡದ ಹೆಲೆನಾದಲ್ಲಿ 11 ಗಂಟೆ 7 ನಿಮಿಷದ ಆಸುಪಾಸು. ನಾನು ಇದನ್ನು ಗಮನಿಸದೆ ಮೊದಲ ಸಲ ಎಲ್ಲ ಊರನ್ನೂ ಒಂದೇ ಗೆರೆಗೆ ಕೂರಿಸಿದ್ದೆ. ಇಡೀ ಹಾಳೆ ತೆಗೆದಿಟ್ಟು, ಅದೇ ನದಿಯ ದಡದಲ್ಲಿ ಇನ್ನೂ ದಕ್ಷಿಣಕ್ಕಿರುವ ವಿಕ್ಸ್‌ಬರ್ಗಿನ ಹೊತ್ತನ್ನೇ ಆಧಾರ ಮಾಡಿಕೊಂಡು, ಗೆಟಿಸ್‌ಬರ್ಗಿನ ಸಾಲನ್ನು ಐದು ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಎಡಕ್ಕೆ ಸರಿಸಿ ಮತ್ತೆ ಬರೆದೆ. ಜೊತೆಗೆ, ಒಂದೇ ಘಟನೆಗೆ ಇಬ್ಬರು ಅಧಿಕಾರಿಗಳು ಬೇರೆಬೇರೆ ಗಂಟೆ ಕೊಟ್ಟಿರುತ್ತಾರೆ. ಅಂಥ ಕಡೆ ಚುಕ್ಕೆ ಇಡದೆ ಪೆನ್ಸಿಲಿನಲ್ಲಿ ಅಗಲವಾದ ಪಟ್ಟೆ ಎಳೆಯುತ್ತೇನೆ.

6ರಿಂದ 9ನೇ ವಾರ

ಹೆಲೆನಾ ಮತ್ತು ವಿಕ್ಸ್‌ಬರ್ಗಿಗೆ ಗಡಿಯಾರದಲ್ಲಿ ಒಂದೇ ನಿಮಿಷದ ಅಂತರ. ನೇರ ಗೆರೆ ಎಳೆದರೆ ನಡುವೆ ಸುಮಾರು 240 ಕಿ.ಮೀ. ಈ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದು ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಿಕ್ಸ್‌ಬರ್ಗ್ 47 ದಿನ ಉತ್ತರದ ಸೇನೆಯ ಮುತ್ತಿಗೆಯಲ್ಲಿತ್ತು. ಊರಿನವರು ಗುಡ್ಡ ಕೊರೆದು ಗವಿಗಳಲ್ಲಿದ್ದರು, ಸೈನಿಕರು ಹೇಸರಗತ್ತೆಯ ಮಾಂಸಕ್ಕೆ ಇಳಿದಿದ್ದರು. ಅವರ ಮೇಲಿನ ಒತ್ತಡ ತಗ್ಗಿಸಲೆಂದು ದಕ್ಷಿಣದ ಜನರಲ್ ಥಿಯೋಫಿಲಸ್ ಹೋಮ್ಸ್ ಸುಮಾರು 7,600 ಜನರನ್ನು ಕಟ್ಟಿಕೊಂಡು ಹೆಲೆನಾದ ಮೇಲೆ ಬಿದ್ದ. ಒಳಗಿದ್ದದ್ದು ಉತ್ತರದ ಬೆಂಜಮಿನ್ ಪ್ರೆಂಟಿಸ್‌ನ ಸುಮಾರು 4,100 ಜನ. ಪ್ರೆಂಟಿಸ್ ಸ್ವಾತಂತ್ರ್ಯ ದಿನದ ಸಂಭ್ರಮವನ್ನು ರದ್ದು ಮಾಡಿ, ದಿನವೂ ಬೆಳಗಿನ ಜಾವ ಎರಡೂವರೆಗೆ ಪಡೆಯನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ.

ಹೋಮ್ಸ್‌ನ ಆಜ್ಞೆಯಲ್ಲಿ 'ಬೆಳಕಾದಾಗ' ದಾಳಿ ಮಾಡಿ ಎಂದಿತ್ತು. ಅವನ ಕೈಕೆಳಗಿನ ಇಬ್ಬರಲ್ಲಿ ಜೇಮ್ಸ್ ಫೇಗನ್ ಅದನ್ನು ನಸುಕು ಎಂದುಕೊಂಡು ಮಬ್ಬಿನಲ್ಲೇ ಹಿಂಡ್‌ಮನ್ ಗುಡ್ಡ ಹತ್ತಿದ. ಸ್ಟರ್ಲಿಂಗ್ ಪ್ರೈಸ್ ಹೊತ್ತು ಮೂಡಿದಾಗ ಎಂದುಕೊಂಡು ಕಾದ. ಪ್ರೈಸ್‌ನ ಜನ ಸ್ಮಶಾನದ ಗುಡ್ಡಕ್ಕೆ ನುಗ್ಗುವಷ್ಟರಲ್ಲಿ ಫೇಗನ್‌ನ ಜನ ಒಂಟಿಯಾಗಿ ನಿಂತು ಸೋತುಹೋಗಿದ್ದರು. ನನ್ನ ಹಾಳೆಯಲ್ಲಿ ಆ ಎರಡು ಕಂದು ಗೆರೆಗಳ ನಡುವಿನ ಬಿಳಿ ಜಾಗ ಬೆರಳಿನಷ್ಟು ಉದ್ದ. ನದಿಯಲ್ಲಿದ್ದ ಉತ್ತರದ 'ಟೈಲರ್' ಎಂಬ ತೋಪಿನ ಹಡಗು 400ಕ್ಕೂ ಹೆಚ್ಚು ಗುಂಡು ಹಾರಿಸಿತು. ಊರು ಕಾದವರಲ್ಲಿ ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದು ಸಮವಸ್ತ್ರ ತೊಟ್ಟ ಕಪ್ಪು ಜನರ ಪಡೆಯೂ ಇತ್ತು. ಅವರ ಗೆರೆಯನ್ನು ನೀಲಿಯಲ್ಲೇ, ಸ್ವಲ್ಪ ದಪ್ಪವಾಗಿ ಎಳೆದಿದ್ದೇನೆ.

ಸುಮಾರು ಹತ್ತೂವರೆಗೆ ಹೋಮ್ಸ್ ಹಿಂದೆಗೆಯಲು ಹೇಳಿದ. ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ ಅವನ ಕಡೆ 1,600 ಮೀರಿತ್ತು.

ಈಗ ಕೆಳಗಿನ ಸಾಲು. ಹಿಂದಿನ ಮಧ್ಯಾಹ್ನವೇ ವಿಕ್ಸ್‌ಬರ್ಗಿನ ಹೊರಗೆ ಓಕ್ ಮರದಡಿ ಊರು ಕಾಯುತ್ತಿದ್ದ ದಕ್ಷಿಣದ ಜನರಲ್ ಜಾನ್ ಪೆಂಬರ್ಟನ್, ಮುತ್ತಿಗೆ ಹಾಕಿದ್ದ ಉತ್ತರದ ಜನರಲ್ ಗ್ರ್ಯಾಂಟನನ್ನು ಕಂಡಿದ್ದ. ಬೆಳಿಗ್ಗೆ ಹತ್ತರ ಹೊತ್ತಿಗೆ ಅವನ ಸೈನಿಕರು ಕಂದಕಗಳಿಂದ ಹೊರಬಂದು ಬಂದೂಕುಗಳನ್ನು ಕೂಡಿಟ್ಟರು. ಶರಣಾದವರು ಸುಮಾರು 29,500. ಹೆಲೆನಾದ ಗುಡ್ಡಗಳಲ್ಲಿ ಆ ಹೊತ್ತಿಗೆ ಇನ್ನೂ ಗುಂಡು ಹಾರುತ್ತಿತ್ತು, ಯಾರನ್ನು ಉಳಿಸಲು ಬಂದಿದ್ದರೋ ಅವರು ಆಯುಧ ಇಳಿಸುತ್ತಿದ್ದರೂ. ಕದನಗಳನ್ನು ಬೇರೆಬೇರೆ ಅಧ್ಯಾಯಗಳಲ್ಲಿ ಓದಿದ್ದಷ್ಟು ಕಾಲ ಇದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

10ನೇ ವಾರ

1863ರ ಉಳಿದ ಸಾಲುಗಳು. ಗೆಟಿಸ್‌ಬರ್ಗಿನಲ್ಲಿ ಜಡಿಮಳೆ. ಹಿಂದಿನ ದಿನ ಸೋತ ದಕ್ಷಿಣದ ಜನರಲ್ ಲೀ ತನ್ನ ಗಾಯಾಳುಗಳನ್ನು ಇಂಬೋಡನ್ ಎಂಬ ಅಧಿಕಾರಿಯ ಕಾವಲಿನಲ್ಲಿ ಕಳಿಸಿದ. ಗಾಡಿಗಳ ಸಾಲು 27 ಕಿ.ಮೀ. ಉದ್ದ. ಅತ್ತ ಪೊಟೋಮ್ಯಾಕ್ ನದಿಗೆ ಅವನು ಹಾಕಿಸಿದ್ದ ದೋಣಿ ಸೇತುವೆಯನ್ನು ಉತ್ತರದ ಸವಾರರು ಮುರಿದರು. ನಕ್ಷತ್ರ ಹಾಕಿದ್ದ ಮಾರ್ಗನ್ ಕೆಂಟಕಿಯ ಟೆಬ್ಸ್ ಬೆಂಡ್‌ನಲ್ಲಿ ಕಾಣಿಸಿಕೊಂಡ. ಶರಣಾಗು ಎಂದು ಅವನು ಹೇಳಿಕಳಿಸಿದಾಗ ಉತ್ತರದ ಕರ್ನಲ್ ಒರ್ಲ್ಯಾಂಡೊ ಮೂರ್, ಜುಲೈ 4 ಅಂಥ ಮಾತಿಗೆ ತಕ್ಕ ದಿನವಲ್ಲ ಎಂಬರ್ಥದ ಉತ್ತರ ಕೊಟ್ಟು, ತನ್ನ ಸಣ್ಣ ಪಡೆಯಿಂದಲೇ ಅವನನ್ನು ತಡೆದ. ಪೆಂಬರ್ಟನ್ ಲೆಕ್ಕ ಹಾಕಿದ್ದು ತದ್ವಿರುದ್ಧ: ಆ ದಿನವಾದರೆ ಉತ್ತರದವರು ಒಳ್ಳೆಯ ಷರತ್ತು ಕೊಡುತ್ತಾರೆಂದು.

11ನೇ ವಾರ

1864 ಈಗಷ್ಟೇ ಶುರುವಾಗಿದೆ. ಜಾರ್ಜಿಯಾದ ರಫ್ಸ್ ಮಿಲ್‌ನಲ್ಲಿ ಉತ್ತರದ ಜನರಲ್ ಶೆರ್ಮನ್ ಪಡೆಯ ದಾಳಿ. ಅಲ್ಲಿ ಕಾಲು ಕಳೆದುಕೊಂಡ ಕರ್ನಲ್ ಎಡ್ವರ್ಡ್ ನಾಯ್ಸ್ ಮುಂದೆ ಒಹಾಯೊ ರಾಜ್ಯದ ಗವರ್ನರ್ ಆದ. ಹಾರ್ಪರ್ಸ್ ಫೆರಿ ಮತ್ತೆ ಬಂತು, ಈ ಸಲ ದಕ್ಷಿಣದ ಜುಬಲ್ ಅರ್ಲಿಯ ಸೇನೆ ಅದರ ಬಾಗಿಲಲ್ಲಿ.

ಇದನ್ನು ಮುಂದುವರಿಸುವ ಮೊದಲು 1863ರಲ್ಲಿ ಒಂದು ಕೆಲಸ ಬಾಕಿಯಿದೆ. ಸುದ್ದಿ ಹೋದ ದಾರಿಯನ್ನು ಚುಕ್ಕೆಗೆರೆಯಲ್ಲಿ ತೋರಿಸಬೇಕು. ವಿಕ್ಸ್‌ಬರ್ಗ್ ಬಿದ್ದ ಸುದ್ದಿ ವಾಷಿಂಗ್ಟನ್ ತಲುಪಿದ್ದು ಜುಲೈ 7ರಂದು. ನನ್ನ ಅಳತೆಯಲ್ಲಿ ಆ ಗೆರೆ ನಾಲ್ಕು ಮೀಟರಿಗೂ ಉದ್ದ. ಕೋಣೆಯ ಗೋಡೆ ಸಾಲುವುದಿಲ್ಲ. ಭಾನುವಾರ ಹಾಳೆ ಅಂಟಿಸಿಕೊಂಡು ಬಾಗಿಲು ದಾಟಿ ನಡುಮನೆಯವರೆಗೆ ಒಯ್ಯಬೇಕು.