ಈ ಸಲ ಸ್ಟೇರಿಂಗ್ ನಡುಗ್ಬಾರ್ದು: ಕಾರಿನ ಮುಂದಿನ ಬ್ರೇಕ್ ಡಿಸ್ಕು, ಪ್ಯಾಡು ಬದಲಾಯಿಸಿದ್ದು

ಓಡೋಮೀಟರ್ 61,400

80ರ ಮೇಲೆ ಹೋಗ್ತಿರುವಾಗ ಬ್ರೇಕ್ ಮೆಲ್ಲಗೆ ಒತ್ತಿದ್ರೆ ಸ್ಟೇರಿಂಗ್ ಗಡಗಡ ಅನ್ನೋಕೆ ಶುರುವಾಗಿ ಮೂರು ತಿಂಗಳಾಯ್ತು. ನಡುಕ ಸ್ಟೇರಿಂಗಲ್ಲಿ ಬಂದ್ರೆ ಸಾಮಾನ್ಯವಾಗಿ ಮುಂದಿನ ಚಕ್ರದ್ದು, ಸೀಟಲ್ಲಿ ಬಂದ್ರೆ ಹಿಂದಿನದ್ದು ಅನ್ನೋದು ಲೆಕ್ಕ, ಹಾಗಾಗಿ ಇದು ಮುಂದಿನದ್ದೇ ಅಂತ ಅವತ್ತೇ ಗೊತ್ತಿತ್ತು, ಆದ್ರೂ ಇವತ್ತು ನಾಳೆ ಅಂತ ತಳ್ಕೊಂಡು ಬಂದೆ. ಹೋದ ವಾರದಿಂದ ಎಡಗಡೆ ಚಕ್ರದಿಂದ ಕೀಂ ಅಂತ ಸದ್ದು ಬೇರೆ ಶುರುವಾಯ್ತು. ಪ್ಯಾಡ್ ಪಕ್ಕದಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇಟ್ಟಿರ್ತಾರೆ, ಪ್ಯಾಡ್ ಸವೆದು 2-3 ಮಿ.ಮೀ.ಗೆ ಬಂದಾಗ ಅದು ಡಿಸ್ಕಿಗೆ ತಾಗಿ ಕಿರಿಚ್ಕೊಳ್ಳತ್ತೆ, ಕಿರಿಚ್ಲಿ ಅಂತಾನೇ ಇಟ್ಟಿರೋದು. ಇನ್ನು ಮುಂದೂಡೋ ಹಾಗಿರ್ಲಿಲ್ಲ.

ಹೊಟ್ಟೆ ಉರಿಯೋದು ಯಾಕಪ್ಪಾ ಅಂದ್ರೆ ಈ ಡಿಸ್ಕು ಹಾಕಿ ಬರೀ 30 ಸಾವಿರ ಕಿ.ಮೀ. ಆಗಿರೋದು, ಹಾಕಿದ್ದೂ ನಾನೇ. ಬೈಯೋಕೆ ಒಬ್ಬ ಮೆಕ್ಯಾನಿಕ್ ಕೂಡ ಸಿಗಲ್ಲ.

ಶನಿವಾರ, ಬರೀ ಬಿಚ್ಚಿ ನೋಡಿದ್ದು

ಎಡಗಡೆ ಮೊದ್ಲು ಬಿಚ್ದೆ. ಒಳಗಿನ ಪ್ಯಾಡು 2 ಮಿ.ಮೀ., ಹೊರಗಿನದ್ದು 6. ಒಂದೇ ಕ್ಯಾಲಿಪರ್‌ನ (ಡಿಸ್ಕನ್ನ ಎರಡೂ ಕಡೆಯಿಂದ ಪ್ಯಾಡಲ್ಲಿ ಅವುಚಿ ಹಿಡಿಯೋ ಇಕ್ಕಳ) ಎರಡು ಪ್ಯಾಡಲ್ಲಿ ಇಷ್ಟು ವ್ಯತ್ಯಾಸ ಇದ್ರೆ ಪ್ಯಾಡ್ ತಪ್ಪಲ್ಲ, ಕ್ಯಾಲಿಪರ್ ಜಾರ್ತಿಲ್ಲ ಅಂತ ಅರ್ಥ. ಪಿಸ್ಟನ್ ಇರೋದು ಒಳಗಡೆ ಮಾತ್ರ, ಅದು ಒಳಗಿನ ಪ್ಯಾಡನ್ನ ಒತ್ತಿದ ಮೇಲೆ ಇಡೀ ಕ್ಯಾಲಿಪರ್ ಎರಡು ಸ್ಲೈಡ್ ಪಿನ್ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನ ಎಳ್ಕೋಬೇಕು. ಕೆಳಗಿನ ಪಿನ್ ಕೈಯಲ್ಲಿ ಎಳೆದ್ರೆ ಬರ್ಲೇ ಇಲ್ಲ, ಗ್ರಿಪ್ ಹಾಕಿ ತಿರುವಿ ತಿರುವಿ ತೆಗೆದ್ರೆ ಗ್ರೀಸ್ ಇರೋ ಜಾಗದಲ್ಲಿ ಕಂದು ಬಣ್ಣದ ಅಂಟು, ರಬ್ಬರ್ ಬೂಟ್ ಉಬ್ಬಿ ದಪ್ಪ ಆಗಿದೆ. ಹೋದ ಸಲ ಕೈಗೆ ಸಿಕ್ಕಿದ ಬೇರಿಂಗ್ ಗ್ರೀಸನ್ನೇ ಬಳಿದಿದ್ದೆ, ನೆನಪಾಯ್ತು. ಪೆಟ್ರೋಲಿಯಂ ಗ್ರೀಸ್ ತಾಗಿದ್ರೆ ಈ ರಬ್ಬರ್ ಊದ್ಕೊಳ್ಳತ್ತೆ, ಇಲ್ಲಿಗೆ ಸಿಲಿಕೋನ್ ಗ್ರೀಸೇ ಆಗ್ಬೇಕು.

ಆಮೇಲೆ ಡಿಸ್ಕು. ಎಲ್ರೂ ಹೇಳೋದು ಒಂದೇ ಮಾತು, ಡಿಸ್ಕ್ ಬೆಂಡ್ ಆಗಿದೆ. ನಾನೂ ಹಾಗೇ ಅಂದ್ಕೊಂಡಿದ್ದೆ, ಆದ್ರೆ ಈ ಸಲ ತಮ್ಮನ ಹತ್ರ ಡಯಲ್ ಗೇಜ್ (ಸಣ್ಣ ಓಲಾಟ ಅಳೆಯೋ ಮುಳ್ಳಿನ ಮೀಟರ್) ಇತ್ತು, ಇಸ್ಕೊಂಡು ಬಂದಿದ್ದೆ. ವೀಲ್ ನಟ್‌ಗಳನ್ನ ವಾಷರ್ ಕೊಟ್ಟು ಬಿಗಿ ಮಾಡಿ ಡಿಸ್ಕನ್ನ ಹಬ್‌ಗೆ, ಅಂದ್ರೆ ಡಿಸ್ಕು ಚಕ್ರ ಎರಡೂ ಕೂರೋ ನಡುವಿನ ತಳಕ್ಕೆ, ಕಚ್ಚಿಸಿ (ಇದನ್ನ ಮಾಡ್ದೇ ಅಳೆದ್ರೆ ಅಳತೆಗೆ ಅರ್ಥವೇ ಇಲ್ಲ), ಅಂಚಿನಿಂದ ಸ್ವಲ್ಪ ಒಳಗೆ ಗೇಜಿನ ಮೂತಿ ತಾಗಿಸಿ ಮೆಲ್ಲಗೆ ಒಂದು ಸುತ್ತು ತಿರುಗಿಸ್ದೆ. ಮುಳ್ಳು 0.09 ಮಿ.ಮೀ. ಆಡ್ತು. ನನ್ನ ಗಾಡಿ ಮ್ಯಾನುಯಲ್ ಕೊಡೋ ಮಿತಿ 0.05. ಸರಿ, ಬೆಂಡೇ ಅಂತ ಬಿಚ್ಚಿ ತೆಗೆದೆ, ತೆಗೆದ್ರೆ ಹಬ್ ಮುಖದ ತುಂಬಾ ತುಕ್ಕಿನ ಚಕ್ಕೆ. ಏನೋ ಕುತೂಹಲಕ್ಕೆ ತಂತಿ ಬ್ರಷ್ ಹಾಕಿ ಉಜ್ಜಿ, ಉಪ್ಪುಕಾಗದದಲ್ಲಿ ನುಣ್ಣಗೆ ಮಾಡಿ, ಅದೇ ಹಳೇ ಡಿಸ್ಕನ್ನ ಅದೇ ತೂತಿಗೆ ವಾಪಸ್ ಕೂರಿಸಿ ಅಳೆದೆ. 0.03!

ಅಂದ್ರೆ ಡಿಸ್ಕು ನೆಟ್ಟಗೇ ಇತ್ತು, ನಾನು ಅದನ್ನ ಸೊಟ್ಟ ಕೂರಿಸಿದ್ದೆ. ಹಬ್ ಹತ್ರ ಒಂದು ಚೂರು ತುಕ್ಕು ಸಿಕ್ಕಾಕೊಂಡ್ರೆ ಅದು ಅಂಚಿಗೆ ಹೋಗೋಷ್ಟ್ರಲ್ಲಿ ಎರಡು ಮೂರು ಪಟ್ಟು ಆಗಿರತ್ತೆ.

ಹಾಗಾದ್ರೆ ಹಾಕಿದ ಹೊಸದ್ರಲ್ಲಿ ಯಾಕೆ ನಡುಗ್ಲಿಲ್ಲ? ಇದು ನಂಗೆ ಅರ್ಥ ಆಗೋಕೆ ಒಂದು ಸಂಜೆ ಹಿಡೀತು. ಬರೀ ಸೊಟ್ಟ ಇದ್ರೆ ಪೆಡಲ್‌ಗೆ ಅಷ್ಟು ಗೊತ್ತಾಗಲ್ಲ, ಕ್ಯಾಲಿಪರ್ ಜಾರ್ಕೊಂಡು ಡಿಸ್ಕಿನ ಜೊತೆ ಓಲಾಡತ್ತೆ. ಆದ್ರೆ ಬ್ರೇಕ್ ಒತ್ತದೇ ಸುಮ್ನೆ ಓಡ್ತಿರುವಾಗ ಕೂಡ ಆ ಸೊಟ್ಟ ಇರೋ ಭಾಗ ಸುತ್ತಿಗೊಂದು ಸಲ ಪ್ಯಾಡಿಗೆ ತಾಗ್ತಾ ಹೋಗತ್ತೆ, ಸಾವಿರಾರು ಕಿ.ಮೀ. ಹಾಗೇ ತಾಗಿ ತಾಗಿ ಅಲ್ಲಿ ಮಾತ್ರ ಡಿಸ್ಕು ತೆಳ್ಳಗಾಗತ್ತೆ, ಆಮೇಲೆ ಬ್ರೇಕ್ ಒತ್ತಿದಾಗ ದಪ್ಪ-ತೆಳು ದಪ್ಪ-ತೆಳು ಅಂತ ಪಿಸ್ಟನ್ ಹಿಂದೆ ಮುಂದೆ ಆಗಿ ನಡುಕ. ಮೈಕ್ರೋಮೀಟರಲ್ಲಿ ಎಂಟು ಕಡೆ ದಪ್ಪ ಅಳೆದೆ, 20.60ರಿಂದ 20.63ವರೆಗೆ ಬಂತು. ಮಿಲಿಮೀಟರಿನ ನೂರರಲ್ಲಿ ಮೂರು ಭಾಗ. ಕೂದಲು ಕೂಡ ಇದಕ್ಕಿಂತ ದಪ್ಪ ಇರತ್ತೆ, ಅಷ್ಟಕ್ಕೇ ಸ್ಟೇರಿಂಗ್ ಹಾಗೆ ಕುಣೀತಿತ್ತು.

ಡಿಸ್ಕಿನ ಟೊಪ್ಪಿ ಭಾಗದ (ನಡುವಿನ ಉಬ್ಬು) ಮೇಲೆ ಕನಿಷ್ಠ ದಪ್ಪ 20 ಮಿ.ಮೀ. ಅಂತ ಕೊರೆದಿದೆ, ಹೊಸದು 22. ಲೇತಿಗೆ ಕೊಟ್ಟು ಎರಡೂ ಕಡೆ ಕಾಲು ಮಿ.ಮೀ. ತೆಗೆಸಿದ್ರೆ 20.1 ಉಳಿಯತ್ತೆ, ಮುಂದಕ್ಕೆ ಸವೆಯೋಕೆ ಏನೂ ಇಲ್ಲ. ಹೊಸದೇ ಸರಿ.

ಯಾವುದು ತಗೊಳ್ಳೋದು ಅನ್ನೋ ತಲೆನೋವು

ಡಿಸ್ಕು ವಿಷ್ಯದಲ್ಲಿ ಆಸೆ ಆಯ್ತು, ಸುಳ್ಳು ಹೇಳಲ್ಲ. ತೂತು ಹೊಡೆದಿರೋ ಡಿಸ್ಕು ಚಕ್ರದ ಸಂದಿಯಿಂದ ಕಾಣೋಕೆ ಭಾರಿ ಚೆಂದ. ಆದ್ರೆ ತೂತಿನ ಅಂಚಿಂದ್ಲೇ ಬಿರುಕು ಶುರುವಾಗೋದು, ಮೇಲಾಗಿ ದಿನಾ ಓಡಿಸೋ ಗಾಡಿಗೆ ಅದ್ರಿಂದ ಲಾಭ ಅಷ್ಟರಲ್ಲೇ ಇದೆ, ಬಿಸಿ ಹೀರೋ ಕಬ್ಬಿಣವೇ ಅಷ್ಟು ಕಮ್ಮಿ ಆಗತ್ತಲ್ಲ. ಗೀರು ಹಾಕಿರೋದು ಪ್ಯಾಡನ್ನ ಕೆರೆದು ಕೆರೆದು ಬೇಗ ಸವೆಸತ್ತೆ. ಮಧ್ಯೆ ಗಾಳಿ ಆಡೋ, ಮೇಲೆ ಸಪಾಟಾಗಿರೋ ಕಂಪನಿ ಅಳತೆದೇ ತಗೊಂಡೆ, ಟೊಪ್ಪಿ ಮತ್ತೆ ಅಂಚಿಗೆ ತುಕ್ಕು ಹಿಡೀದೇ ಇರೋ ಬೂದು ಕೋಟಿಂಗ್ ಇರೋದು.

ಪ್ಯಾಡಲ್ಲಿ ಆರ್ಗಾನಿಕ್ಕು ಸದ್ದಿಲ್ಲ, ಡಿಸ್ಕಿಗೂ ಮೆತ್ತಗೆ, ಆದ್ರೆ ಉದ್ದ ಇಳಿಜಾರಲ್ಲಿ ಬಿಸಿ ಆದ್ರೆ ಬೇಗ ಕೈ ಕೊಡತ್ತೆ. ಸೆಮಿ ಮೆಟಾಲಿಕ್ಕು ಬಿಸಿಗೆ ಜಗ್ಗಲ್ಲ ಆದ್ರೆ ಸ್ವಲ್ಪ ಗಲಾಟೆ, ಕಪ್ಪು ಧೂಳು ಜಾಸ್ತಿ, ಡಿಸ್ಕನ್ನೂ ತಿನ್ನತ್ತೆ. ಸೆರಾಮಿಕ್ಕು ಸದ್ದು ಧೂಳು ಎರಡೂ ಕಮ್ಮಿ. ಪ್ಯಾಡಿನ ಅಂಚಲ್ಲಿ ಪ್ರಿಂಟ್ ಆಗಿರೋ ಕೋಡಿನ ಕೊನೇಲಿ ಎರಡು ಅಕ್ಷರ ಇದ್ರೆ ಅದನ್ನ ಒಂದ್ಸಲ ನೋಡಿ, ಮೊದಲನೇದು ಸಾಮಾನ್ಯ ಬಿಸಿಯಲ್ಲಿ ಹಿಡಿತ, ಎರಡನೇದು ಜಾಸ್ತಿ ಬಿಸಿ ಆದಾಗ. ಹಿಡಿತದ (ಘರ್ಷಣೆಯ) ಅಳತೆ ಇದು, ಸಂಖ್ಯೆ ಜಾಸ್ತಿ ಆದಷ್ಟೂ ಹಿಡಿತ ಜಾಸ್ತಿ: ಇ ಅಂದ್ರೆ 0.25ರಿಂದ 0.35, ಎಫ್ ಅಂದ್ರೆ 0.35ರಿಂದ 0.45, ಜಿ ಅಂದ್ರೆ 0.45ರಿಂದ 0.55. ನಾನು ನೋಡ್ತಿದ್ದ ಒಂದು ಪ್ಯಾಡ್ ಮೇಲೆ ಎಫ್‌ಇ ಅಂತಿತ್ತು, ಬಿಸಿ ಆದ ಮೇಲೆ ಹಿಡಿತ ಬೀಳತ್ತೆ ಅಂತ ಅದೇ ಹೇಳ್ಕೋತಿದೆ, ಬೇಡ ಅಂದೆ. ಎಫ್‌ಎಫ್ ಇರೋ ಸೆರಾಮಿಕ್ ತಗೊಂಡೆ. ಹಾಗಂತ ಈ ಅಕ್ಷರ ನೋಡಿ ಪ್ಯಾಡಿನ ಜಾತಕ ಹೇಳೋಕಾಗಲ್ಲ, ಎಷ್ಟು ದಿನ ಬರತ್ತೆ, ಸದ್ದು ಮಾಡತ್ತಾ ಇಲ್ವಾ ಅನ್ನೋದೆಲ್ಲ ಅದ್ರಲ್ಲಿಲ್ಲ.

ಭಾನುವಾರ, ಹಾಕಿದ್ದು

ಬಲಗಡೆ ಡಿಸ್ಕ್ ಹಿಡ್ಕೊಂಡಿರೋ ಸಣ್ಣ ಸ್ಕ್ರೂ ತಲೆ ತಿರುಗೇ ಹೋಯ್ತು, ಕೊನೆಗೆ ಡ್ರಿಲ್ ಹಾಕಿ ತೆಗೆದೆ, ಅರ್ಧ ಬೆಳಗ್ಗೆ ಅದಕ್ಕೇ ಹೋಯ್ತು. ಡಿಸ್ಕು ಹಬ್‌ಗೆ ಅಂಟ್ಕೊಂಡಿದ್ರೆ ಸುತ್ತಿಗೆ ಎತ್ಬೇಡಿ, ಸಾಮಾನ್ಯವಾಗಿ ಅದ್ರಲ್ಲೇ ಥ್ರೆಡ್ ಇರೋ ಎರಡು ತೂತು ಇರತ್ತೆ, ಎಂ8 ಬೋಲ್ಟ್ ಎರಡು ಹಾಕಿ ಸರದಿ ಪ್ರಕಾರ ಬಿಗಿ ಮಾಡ್ತಾ ಬಂದ್ರೆ ತಾನೇ ಎದ್ದು ಬರತ್ತೆ.

ಎರಡೂ ಕಡೆ ಹಬ್ ಮುಖ ಲೋಹ ಹೊಳೆಯೋವರೆಗೂ ಉಜ್ಜಿದೆ, ಮಾಸ್ಕ್ ಹಾಕ್ಕೊಂಡು. ಬ್ರೇಕಿನ ಧೂಳನ್ನ ಗಾಳಿ ಬಿಟ್ಟು ಊದ್ಬಾರ್ದು, ಕ್ಲೀನರ್ ಹೊಡೆದು ಒದ್ದೆ ಮಾಡಿ ಒರೆಸ್ಬೇಕು. ಹೊಸ ಡಿಸ್ಕಿನ ಮೇಲೆ ತುಕ್ಕು ಬರ್ದೇ ಇರ್ಲಿ ಅಂತ ಎಣ್ಣೆ ಬಳಿದಿರ್ತಾರೆ, ನಂದು ಕೋಟಿಂಗ್ ಇರೋದಾದ್ರೂ ಒಂದ್ಸಲ ಕ್ಲೀನರ್ ಹೊಡೆದೆ, ಬಿಳೀ ಬಟ್ಟೆ ಬಿಳಿಯಾಗೇ ಉಳೀತು. ಕೂರಿಸಿ ಗೇಜ್ ಇಟ್ಟೆ. ಎಡ 0.02. ಬಲ 0.06 ಬಂತು, ಥೂ ಅಂತ ಬಿಚ್ಚಿ ಒಂದು ನಟ್ ತೂತಿನಷ್ಟು ತಿರುಗಿಸಿ ಕೂರಿಸ್ದೆ, 0.03. ಹಬ್ಬಿನ ಸೊಟ್ಟ, ಡಿಸ್ಕಿನ ಸೊಟ್ಟ ಒಂದೇ ದಿಕ್ಕಿಗೆ ಬಿದ್ರೆ ಕೂಡ್ಕೊಳ್ಳತ್ತೆ, ಎದುರುಬದುರು ಬಿದ್ರೆ ಒಂದನ್ನೊಂದು ಕಳೆಯತ್ತೆ.

ಪಿಸ್ಟನ್ ಒಳಗೆ ತಳ್ಳೋವಾಗ ಮಾತ್ರ ಎಡವಟ್ಟು. ನಡುವೆ ಒಂದ್ಸಲ ಬ್ರೇಕ್ ಆಯಿಲ್ ಟಾಪ್ ಅಪ್ ಮಾಡಿದ್ದು ಮರೆತೇ ಹೋಗಿತ್ತು, ಪ್ಯಾಡ್ ಸವೆದಾಗ ಆಯಿಲ್ ಇಳಿಯೋದು ಸಹಜ, ಅದಕ್ಕೆ ತುಂಬಿಸಿದ್ರೆ ಈಗ ಪಿಸ್ಟನ್ ತಳ್ಳಿದಾಗ ಅಷ್ಟೂ ಮೇಲೆ ಬರತ್ತೆ. ಡಬ್ಬಿ ತುಂಬಿ ಚೆಲ್ತು. ಬ್ರೇಕ್ ಆಯಿಲ್ ಪೇಂಟ್ ಎಬ್ಬಿಸತ್ತೆ, ಬಕೆಟ್ ನೀರು ಹಿಡ್ಕೊಂಡು ಓಡಿದೆ, ಪೇಂಟ್ ಬಚಾವಾಯ್ತು.

ಪಿನ್‌ಗೆ ಹೊಸ ಬೂಟು, ಸಿಲಿಕೋನ್ ಗ್ರೀಸ್ ತೆಳ್ಳಗೆ. ಈಗ ಕ್ಯಾಲಿಪರ್ ಒಂದು ಬೆರಳಲ್ಲಿ ತಳ್ಳಿದ್ರೆ ಜಾರತ್ತೆ. ಬೋಲ್ಟ್ ಎಲ್ಲಾ ಟಾರ್ಕ್ ವ್ರೆಂಚಲ್ಲೇ. ಎಲ್ಲಾ ಮುಗಿಸಿ ಚಕ್ರ ಹಾಕಿ ಇಗ್ನಿಷನ್‌ಗೆ ಕೈ ಹಾಕಿದ್ರೆ ತಮ್ಮ "ಅಣ್ಣಾ, ಪೆಡಲ್ ಹೊಡ್ದಿಲ್ಲ ನೀನು" ಅಂದ. ಒತ್ತಿ ನೋಡಿದ್ರೆ ನೆಲಕ್ಕೇ ಹೋಯ್ತು. ಐದಾರು ಸಲ ಪಂಪ್ ಮಾಡಿದ ಮೇಲೆ ಪಿಸ್ಟನ್ ಬಂದು ಪ್ಯಾಡಿಗೆ ತಾಗಿ ಗಟ್ಟಿ ಆಯ್ತು. ಅವನಿಲ್ದಿದ್ರೆ ಗೇಟಿಗೆ ಗುದ್ದಿರ್ತಿದ್ದೆ.

ಸೋಮವಾರ ಬೆಳಗಿನ ಜಾವ, ಬೆಡ್ಡಿಂಗ್

ಹೋದ ಸಲ ಇದನ್ನ ಮಾಡೇ ಇರ್ಲಿಲ್ಲ. ಹೊಸ ಪ್ಯಾಡಲ್ವಾ, ಒಂದು ವಾರ ಮೆಲ್ಲಗೆ ಓಡಿಸಿದ್ರೆ ಸಾಕು ಅಂದ್ಕೊಂಡಿದ್ದೆ. ಆದ್ರೆ ಪ್ಯಾಡಿನ ತೆಳು ಪದರ ಒಂದು ಡಿಸ್ಕಿನ ಮೇಲೆ ಒಂದೇ ಸಮ ಕೂತ್ಕೋಬೇಕು, ಆಮೇಲೆ ಹಿಡಿತದ ಒಂದು ಭಾಗ ಆ ಪದರಕ್ಕೂ ಪ್ಯಾಡಿಗೂ ಮಧ್ಯೆ ಆಗೋದು. ಆ ಪದರ ಕೂರೋಕೆ ಬಿಸಿ ಬೇಕು, ಅದೂ ಮೆಟ್ಟಿಲು ಮೆಟ್ಟಿಲಾಗಿ.

ಪ್ಯಾಡ್ ಡಬ್ಬಿಯ ಚೀಟಿಯಲ್ಲಿ ಇದ್ದ ಹಾಗೇ ಮಾಡ್ದೆ, ನಿಮ್ಮ ಚೀಟಿಯಲ್ಲಿ ಬೇರೆ ಇದ್ರೆ ಅದನ್ನೇ ಕೇಳಿ. ಖಾಲಿ ರಸ್ತೆ, ಹಿಂದೆ ಯಾರೂ ಇಲ್ಲ. 50ರಿಂದ 10ಕ್ಕೆ ಹದವಾಗಿ ಹತ್ತು ಸಲ, ಒಂದೊಂದಕ್ಕೂ ಮಧ್ಯೆ ಅರ್ಧ ನಿಮಿಷ ಓಡಿಸೋದು. ಆಮೇಲೆ 80ರಿಂದ 20ಕ್ಕೆ ಸ್ವಲ್ಪ ಜೋರಾಗಿ ಐದು ಸಲ, ಎಬಿಎಸ್ ಬರೋಷ್ಟಲ್ಲ. ಎಲ್ಲೂ ಪೂರ್ತಿ ನಿಲ್ಲಿಸ್ಬಾರ್ದು, ಅದೇ ಮುಖ್ಯ. ಕಾದ ಪ್ಯಾಡನ್ನ ನಿಂತ ಡಿಸ್ಕಿಗೆ ಒತ್ತಿ ಹಿಡಿದ್ರೆ ಪ್ಯಾಡಿನ ಆಕಾರದ ಅಚ್ಚು ಅಲ್ಲೇ ಕೂರತ್ತೆ, ಮತ್ತೆ ಅದೇ ದಪ್ಪ-ತೆಳು ಕಥೆ. ಮೊದಲ ನಾಲ್ಕೈದು ಸಲ ಬ್ರೇಕ್ ಮರದ ತುಂಡು ಒತ್ತಿದ ಹಾಗೆ, ಹಿಡಿತಾನೇ ಇಲ್ಲ. ಏಳನೇ ಸಲಕ್ಕೆ ಸುಟ್ಟ ಅಂಟಿನ ವಾಸನೆ, ಅಲ್ಲಿಂದ ಮುಂದೆ ಒಂದೊಂದು ಸಲಕ್ಕೂ ಕಾಲ ಕೆಳಗೆ ಹಿಡಿತ ಏರ್ತಾ ಹೋಗಿದ್ದು ಸ್ಪಷ್ಟವಾಗಿ ಗೊತ್ತಾಯ್ತು.

80ರ ಮೂರನೇ ಸಲ ಮುಗಿಸಿ ತಿರುವು ದಾಟಿದ್ರೆ ಎದುರಿಗೆ ಕುರಿ ಹಿಂಡು! ನಿಲ್ಲಿಸ್ಲೇಬೇಕಾಯ್ತು. ನಿಂತ ತಕ್ಷಣ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆದು ಪೆಡಲಿಂದ ಕಾಲು ತೆಗೆದೆ, ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೆ, ಅಲ್ಲೇನೂ ಹೊಸದಿಲ್ಲ. ಕುರಿ ಎಲ್ಲಾ ಹೋಗೋವರೆಗೂ ಪ್ರತಿ ಸೆಕೆಂಡೂ ಲೆಕ್ಕ ಹಾಕ್ತಾ ಕೂತಿದ್ದೆ. ಉಳಿದ ಎರಡು ಮುಗಿಸಿ ಹದಿನೈದು ನಿಮಿಷ ಬ್ರೇಕ್ ಮುಟ್ಟದೇ ಓಡಿಸಿ ತಣ್ಣಗೆ ಮಾಡಿ ಮನೆಗೆ ಬಂದೆ. ಡಿಸ್ಕಿನ ಮೇಲೆ ಒಂದೇ ಸಮ ಬೂದು-ನೀಲಿ ಛಾಯೆ, ಎಲ್ಲೂ ಅಚ್ಚಿಲ್ಲ.

ಓಡೋಮೀಟರ್ 61,800

ಬೆಳಗ್ಗೆ ಮೊದಲ ಬ್ರೇಕಿಗೆ ಬಲಗಡೆ ಸಣ್ಣ ಕಿರ್ ಅನ್ನತ್ತೆ, ಎರಡನೇದಕ್ಕೆ ಇಲ್ಲ. ರಾತ್ರಿ ತೇವಕ್ಕೆ ಕೂತ ತುಕ್ಕಿನ ಪೊರೆ ಇರ್ಬೇಕು, ಬಿಟ್ಟಿದ್ದೀನಿ. 100ರಿಂದ ಮೆಲ್ಲಗೆ ಒತ್ತಿದ್ರೂ ಸ್ಟೇರಿಂಗ್ ಅಲ್ಲಾಡ್ತಿಲ್ಲ. ಆದ್ರೆ ಹೋದ ಸಲವೂ 400 ಕಿ.ಮೀ.ಗೆ ಹೀಗೇ ಇತ್ತಲ್ಲ, ಈಗಲೇ ಕುಣಿಯಲ್ಲ.

ಓಡೋಮೀಟರ್ 67,900

ಚಕ್ರ ರೊಟೇಷನ್‌ಗೆ ಬಿಚ್ಚಿದಾಗ ಗೇಜ್ ಮತ್ತೆ ಇಟ್ಟೆ. ಎಡ 0.02, ಬಲ 0.03, ಹಾಕಿದ ದಿನದ್ದೇ. ದಪ್ಪದಲ್ಲಿ ವ್ಯತ್ಯಾಸ ನನ್ನ ಮೈಕ್ರೋಮೀಟರಿಗೆ ಸಿಗ್ತಿಲ್ಲ. ಒಳಗಿನ ಹೊರಗಿನ ಪ್ಯಾಡ್ ಎರಡೂ ಕಡೆ ಹತ್ತತ್ರ ಒಂದೇ. ಬ್ರೇಕ್ ಆಯಿಲ್ ಮಾತ್ರ ಟೀ ಬಣ್ಣಕ್ಕೆ ತಿರುಗಿದೆ, ಡಾಟ್ 4 ದರ್ಜೆಯ ಆಯಿಲ್ ಹೊಸದ್ರಲ್ಲಿ ಕಮ್ಮಿ ಅಂದ್ರೂ 230 ಡಿಗ್ರಿವರೆಗೆ ಕುದಿಯಲ್ಲ, ನೀರು ಹೀರ್ಕೊಂಡ್ರೆ ಅದು 155ಕ್ಕೆ ಇಳಿಯಬಹುದು. ಮುಂದಿನ ಭಾನುವಾರ ಅದು. ಗೇಜ್ ವಾಪಸ್ ಕೊಡು ಅಂತ ತಮ್ಮ ಮೂರು ಸಲ ಕೇಳಿದ್ದಾನೆ.